ದತ್ತು ಹೋಗುವ ನಾಯಿಗಳ ಆರೋಗ್ಯ ದಾಖಲೆ ಫೋನಿನಲ್ಲಿ ಇಡೋದು ಹೇಗೆ? ಪಶುವೈದ್ಯರ ಉತ್ತರಗಳು

ಪ್ರಶ್ನೆ (ಮೈಸೂರಿನ ರೆಸ್ಕ್ಯೂ ತಂಡದಿಂದ):
ಡಾಕ್ಟರ್ ಮೇಡಂ, ನಮಸ್ಕಾರ. ನಾವು ಕೆಲವರು ಸೇರಿ ಬೀದಿಯಲ್ಲಿ ಸಿಕ್ಕ ಮರಿಗಳನ್ನು, ಗಾಯವಾದ ನಾಯಿಗಳನ್ನು ಮನೆಯಲ್ಲೇ ಇಟ್ಟುಕೊಂಡು, ಹುಷಾರಾದ ಮೇಲೆ ದತ್ತು ಕೊಡುತ್ತೇವೆ. ನಾಯಿ ಒಬ್ಬರ ಮನೆಯಲ್ಲಿ, ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಇನ್ನೊಬ್ಬರು, ಚೀಟಿ ಮತ್ತೊಬ್ಬರ ಫೋನಿನಲ್ಲಿ. ಎಲ್ಲಾ ವಾಟ್ಸಾಪ್‌ನಲ್ಲಿ ಇದೆ, ಬೇಕಾದಾಗ ಮಾತ್ರ ಸಿಗುವುದಿಲ್ಲ. ಈಗ ಒಂದೇ ಸೂಲಿನ ಎರಡು ಕಂದು ಮರಿಗಳಲ್ಲಿ ಯಾವುದಕ್ಕೆ ಎರಡನೇ ಲಸಿಕೆ ಆಗಿದೆ ಅಂತ ಗೊತ್ತಾಗುತ್ತಿಲ್ಲ. ಇದಕ್ಕೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೋಬೇಕಾ? ಏನೇನು ಬರೆದಿಡಬೇಕು?

ಉತ್ತರ:
ಮೊದಲು ಮರಿಗಳ ವಿಷಯ. ದಾಖಲೆ ಇಲ್ಲ ಅಂದರೆ ಲಸಿಕೆ ಆಗಿಲ್ಲ ಅಂತಲೇ ನಾವು ಲೆಕ್ಕ ಹಾಕುತ್ತೇವೆ. ಹಿಂದಿನ ಡೋಸ್ ಆಗಿ ಕನಿಷ್ಠ ಎರಡು ವಾರ ಕಳೆದಿರಲಿ, ಎರಡಕ್ಕೂ ಹಾಕಿಸಿ. ಆರೋಗ್ಯವಾಗಿರುವ ಮರಿಗೆ ಒಂದು ಡೋಸ್ ಜಾಸ್ತಿಯಾದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಒಂದು ಡೋಸ್ ತಪ್ಪಿ ಪಾರ್ವೊ (ವಾಂತಿ, ರಕ್ತ ಭೇದಿ ತರುವ ವೈರಸ್ ಕಾಯಿಲೆ) ಬಂದರೆ ಮರಿ ಉಳಿಯೋದೇ ಕಷ್ಟ. ಮರಿಗಳಿಗೆ 6ರಿಂದ 8 ವಾರಕ್ಕೆ ಲಸಿಕೆ ಶುರು ಮಾಡಿ, 16 ವಾರ ತುಂಬುವವರೆಗೆ ಮತ್ತೆ ಮತ್ತೆ ಹಾಕುತ್ತೇವೆ. ತಾಯಿ ಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ಹಿಡಿಯದೇ ಹೋಗಬಹುದು, ಅದಕ್ಕೆ. ಹಾಗಾಗಿ ಕೊನೆಯ ಡೋಸ್ ಆದಾಗ ಮರಿಗೆ ಎಷ್ಟು ವಾರ ಅನ್ನೋದು ಬಹಳ ಮುಖ್ಯ. "2 ತಿಂಗಳ ಮರಿ" ಅಂತ ಸುಮ್ನೆ ಬರೆದರೆ ಮುಂದಿನ ತಿಂಗಳು ಅದಕ್ಕೆ ಅರ್ಥವೇ ಇರುವುದಿಲ್ಲ. "ಜೂನ್ 20ಕ್ಕೆ ಅಂದಾಜು 2 ತಿಂಗಳು, ಹಲ್ಲು ನೋಡಿ ಹೇಳಿದ್ದು" ಅಂತ ಬರೆಯಿರಿ.

ಸಾಫ್ಟ್‌ವೇರ್ ಬೇಡ. ಗೂಗಲ್ ಶೀಟ್ ಒಂದು, ಡ್ರೈವ್‌ನಲ್ಲಿ ಪ್ರತಿ ನಾಯಿಗೂ ಒಂದು ಫೋಲ್ಡರ್, ಇಷ್ಟು ಸಾಕು. ಆದರೆ ದಾಖಲೆಯನ್ನು ಹೆಸರಿಗೆ ಅಂಟಿಸಬೇಡಿ. ಬ್ರೌನಿ, ರಾಜ, ಲಕ್ಷ್ಮಿ ಎಲ್ಲರ ಹತ್ತಿರವೂ ಇರುತ್ತವೆ, ದತ್ತು ತಗೊಂಡವರು ಮೊದಲ ದಿನವೇ ಹೆಸರು ಬದಲಾಯಿಸುತ್ತಾರೆ. ಪ್ರತಿ ನಾಯಿಗೂ ಒಂದು ನಂಬರ್ ಕೊಡಿ. ಆ ನಂಬರ್ ಇನ್ಯಾವ ನಾಯಿಗೂ ಹೋಗಬಾರದು, ನಾಯಿ ತೀರಿಕೊಂಡರೂ ಸರಿ. ಬಂದ ದಿನವೇ ಮುಖ, ಎರಡೂ ಪಕ್ಕ, ಹೊಟ್ಟೆ, ಬಾಲದ ತುದಿ ಬೇರೆ ಬೇರೆ ಫೋಟೊ ತೆಗೆಯಿರಿ. ಕಂದು ಮರಿಗಳಲ್ಲಿ ಎದೆಯ ಬಿಳಿ ಮಚ್ಚೆ, ಕಾಲ್ಬೆರಳಿನ ಬಣ್ಣ ನೋಡಿದರೆ ವ್ಯತ್ಯಾಸ ಸಿಕ್ಕೇ ಸಿಗುತ್ತದೆ.

ಶೀಟಿನಲ್ಲಿ ಒಂದು ನಾಯಿಗೆ ಒಂದು ಸಾಲು ಅಂತ ಮಾಡಿದರೆ ಎರಡೇ ತಿಂಗಳಲ್ಲಿ ಜಾಗ ಸಾಲುವುದಿಲ್ಲ. ಒಂದು ಸಲ ಏನಾದರೂ ಮಾಡಿಸಿದರೆ ಒಂದು ಸಾಲು. ದಿನಾಂಕ, ನಾಯಿಯ ನಂಬರ್, ಆ ದಿನದ ತೂಕ, ಏನು ಮಾಡಿದರು, ಔಷಧಿಯ ಹೆಸರು ಮತ್ತು ಎಷ್ಟು ಮಿಲಿಗ್ರಾಂ, ಯಾವ ಆಸ್ಪತ್ರೆ, ಚೀಟಿಯ ಫೋಟೊ ಲಿಂಕ್. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 5/6 ಅಂದರೆ ಜೂನ್ 5 ಅಂತ ನಾವು ಓದುತ್ತೇವೆ, ಶೀಟ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಅದು ಮೇ 6 ಆಗಿಬಿಡುತ್ತದೆ. ತೂಕ ಬಿಡಲೇಬೇಡಿ, ಜಂತುಹುಳು ಔಷಧಿಯಿಂದ ಹಿಡಿದು ಅರಿವಳಿಕೆವರೆಗೆ ಎಲ್ಲವನ್ನೂ ತೂಕದ ಮೇಲೇ ಕೊಡೋದು. ಲಸಿಕೆ ಬಾಟಲಿಯ ಸ್ಟಿಕ್ಕರ್‌ನಲ್ಲಿ ಬ್ಯಾಚ್ ನಂಬರ್, ಎಕ್ಸ್‌ಪೈರಿ ಓದುವ ಹಾಗೆ ಫೋಟೊ ಇರಲಿ. ವಾಟ್ಸಾಪ್‌ನಲ್ಲಿ ಬಂದ ಫೋಟೊದಲ್ಲಿ ಸಣ್ಣ ಅಕ್ಷರ ಮಸುಕಾಗುತ್ತದೆ. ತೆಗೆದ ಫೋನಿನಿಂದಲೇ ನೇರವಾಗಿ ಡ್ರೈವ್‌ಗೆ ಹಾಕಿ.

"ಇಂಜೆಕ್ಷನ್ ಕೊಟ್ಟರು, ಹುಷಾರಾಗಿದೆ" ಅನ್ನೋ ಸಾಲು ಮಾತ್ರ ದಯವಿಟ್ಟು ಬೇಡ. ಉಣ್ಣೆ ಜ್ವರದ (ಟಿಕ್ ಫೀವರ್) ನಾಯಿಯನ್ನೇ ತಗೊಳ್ಳಿ. ಉಣ್ಣೆ ಕಚ್ಚಿ ಬರುವ ಎರ್ಲಿಕಿಯಾ ಸೋಂಕು ಇದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆ ಸಾಮಾನ್ಯವಾಗಿ 28 ದಿನ ಕೊಡುತ್ತೇವೆ. ಆದರೆ ನಾಯಿ ಮೂರು ನಾಲ್ಕು ದಿನಕ್ಕೇ ಎದ್ದು ಓಡಾಡುತ್ತದೆ, ಊಟ ಮಾಡುತ್ತದೆ. ಅಷ್ಟರಲ್ಲಿ ದತ್ತು ಹೋಯ್ತು ಅಂದುಕೊಳ್ಳಿ. ಹೊಸ ಮನೆಯವರು ಚೆನ್ನಾಗಿದೆಯಲ್ಲ ಅಂತ ಮಾತ್ರೆ ನಿಲ್ಲಿಸುತ್ತಾರೆ. ಕೆಲವು ತಿಂಗಳ ಮೇಲೆ ಮೂಗಿನಲ್ಲಿ ರಕ್ತ ಬಂದು ರಾತ್ರಿ ಆಸ್ಪತ್ರೆಗೆ ಓಡಿದರೆ, ಅಲ್ಲಿ ಕೂತ ಡಾಕ್ಟರ್ ಈ ನಾಯಿಯನ್ನು ಯಾವತ್ತೂ ನೋಡಿಲ್ಲ. ಮಾತ್ರೆ ಶುರುವಾದ ದಿನ, ಮುಗಿಯಬೇಕಾದ ದಿನ, ಆಗಿನ ಪ್ಲೇಟ್‌ಲೆಟ್ ಎಷ್ಟು, ಆಮೇಲೆ ಎಷ್ಟು, ಇವು ಅವರಿಗೆ ಅದೇ ಕ್ಷಣದಲ್ಲಿ ಬೇಕು. ನೀವು ಬರೆಯುವ ಪ್ರತಿ ಸಾಲೂ ಆ ಡಾಕ್ಟರ್‌ಗಾಗಿ ಅಂತ ನೆನಪಿಟ್ಟುಕೊಳ್ಳಿ.

ಪ್ರಶ್ನೆ (ದತ್ತು ಹೋಗುವವರೆಗೆ ನಾಯಿಗಳನ್ನು ಮನೆಯಲ್ಲಿಟ್ಟು ಸಾಕುವ ಹುಬ್ಬಳ್ಳಿಯ ಫೋಸ್ಟರ್ ಒಬ್ಬರಿಂದ):
ಮೇಡಂ, ಎಲ್ಲವನ್ನೂ ಬರೆದರೆ ಯಾರೂ ದತ್ತು ತಗೊಳ್ಳಲ್ಲ. ಡಿಸ್ಟೆಂಪರ್ ಅಂತ ಒಂದು ಪದ ಕಂಡರೆ ಸಾಕು, ಫೋನ್ ಇಟ್ಟುಬಿಡ್ತಾರೆ. ಹಿಂದೆ ಕಚ್ಚಿದ್ದನ್ನೂ ಹೇಳಬೇಕಾ?

ಉತ್ತರ:
ಹೇಳಲೇಬೇಕು. ನಿಮ್ಮ ಕಷ್ಟ ನನಗೆ ಗೊತ್ತು, ನಾಯಿಗೆ ಮನೆ ಸಿಗಲಿ ಅನ್ನೋ ಆಸೆಯಿಂದಲೇ ಕೇಳುತ್ತಿದ್ದೀರಿ. ಆದರೆ ಡಿಸ್ಟೆಂಪರ್ ಅನ್ನೋ ವೈರಸ್ ಕಾಯಿಲೆಯಲ್ಲಿ ಜ್ವರ, ಮೂಗು ಸೋರೋದು ವಾಸಿಯಾಗಿ ವಾರಗಳೋ ತಿಂಗಳುಗಳೋ ಆದ ಮೇಲೂ ಮೈ ಅದುರೋದು, ಫಿಟ್ಸ್ ಬರೋದು ಉಂಟು. ಗೊತ್ತಿದ್ದವರು ಅಂಥ ದಿನ ಗಾಬರಿಯಾದರೂ ಆಸ್ಪತ್ರೆಗೆ ತರುತ್ತಾರೆ. ಗೊತ್ತಿಲ್ಲದವರು ನಿಮಗೆ ವಾಪಸ್ ಕೊಡುತ್ತಾರೆ, ಇಲ್ಲವೇ ಬೀದಿಗೆ ಬಿಡುತ್ತಾರೆ.

ಪೂರ್ತಿ ಬರೆದ ದಾಖಲೆ ಭಯವನ್ನು ಕಡಿಮೆಯೂ ಮಾಡುತ್ತದೆ. ನಾಯಿಯಿಂದ ನಾಯಿಗೆ ಹರಡಿ ಜನನಾಂಗದಲ್ಲಿ ಬರುವ ಟಿವಿಟಿ ಗೆಡ್ಡೆ ನೋಡಿ, ಕ್ಯಾನ್ಸರ್ ಅಂದ ತಕ್ಷಣ ಜನ ಹಿಂದೆ ಸರಿಯುತ್ತಾರೆ. ವಾರಕ್ಕೊಂದು ವಿನ್‌ಕ್ರಿಸ್ಟಿನ್ (ಕ್ಯಾನ್ಸರ್ ಔಷಧಿ) ಇಂಜೆಕ್ಷನ್, ಪ್ರತಿ ಸಲವೂ ಮೊದಲು ರಕ್ತ ಪರೀಕ್ಷೆ, ವಾರವಾರ ಗೆಡ್ಡೆ ಕರಗಿದ ಫೋಟೊ ಎಲ್ಲಾ ಸಾಲಾಗಿ ಇದ್ದರೆ, ಇದು ಬಹುತೇಕ ನಾಯಿಗಳಲ್ಲಿ ಪೂರ್ತಿ ಗುಣವಾಗುವ ಕಾಯಿಲೆ ಅಂತ ಅವರಿಗೇ ಕಾಣುತ್ತದೆ.

ಕಚ್ಚಿದ್ದರೆ "ಸಿಟ್ಟಿನ ನಾಯಿ" ಅಂತ ಬರೆಯಬೇಡಿ, ನಡೆದದ್ದನ್ನು ಬರೆಯಿರಿ. "ಮುರಿದ ಕಾಲು ಮುಟ್ಟಿದಾಗ ಕೈ ಕಚ್ಚಿತು, ಚರ್ಮ ಹರಿದಿದೆ." ಕಚ್ಚಿಸಿಕೊಂಡವರು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಕ್ಷಣ ಇದೆಯಾ ಅಂತ ನಾಯಿಯನ್ನು 10 ದಿನ ಕಣ್ಣಿಟ್ಟು ನೋಡಬೇಕು, ಆ ದಿನಗಳಲ್ಲಿ ದತ್ತು ಕೊಡಬಾರದು. ದಿನಕ್ಕೆ ಒಂದು ಸಾಲು: ಊಟ, ನೀರು, ನಡವಳಿಕೆ.

ಪ್ರಶ್ನೆ (ಬೆಂಗಳೂರಿನಿಂದ):
ಮೈಕ್ರೋಚಿಪ್ ಹಾಕಿಸಿದರೆ ಇದೆಲ್ಲಾ ಅದರಲ್ಲೇ ಇರಲ್ವಾ? ನಮ್ಮ ಒಂದು ಇಂಡಿ (ದೇಶಿ ತಳಿಯ) ನಾಯಿಯನ್ನು ಜರ್ಮನಿಯಲ್ಲಿರುವ ಕನ್ನಡದ ಕುಟುಂಬವೊಂದು ಕೇಳುತ್ತಿದೆ.

ಉತ್ತರ:
ಚರ್ಮದ ಕೆಳಗೆ ಹಾಕುವ ಆ ಚಿಪ್‌ನಲ್ಲಿ ಇರೋದು 15 ಅಂಕಿಯ ಒಂದು ನಂಬರ್ ಮಾತ್ರ. ಲಸಿಕೆ ವಿವರ ಇಲ್ಲ, ಜಿಪಿಎಸ್ ಇಲ್ಲ. ಆ ನಂಬರ್ ನಿಮ್ಮ ಶೀಟಿನಲ್ಲಿ ಇದ್ದರೆ ಉಪಯೋಗ.

ಜರ್ಮನಿ ಅಂದರೆ ದಿನಾಂಕಗಳ ಕ್ರಮ ಬಹಳ ಬಿಗಿ. ಮೊದಲು ಚಿಪ್, ಆಮೇಲೆ ರೇಬೀಸ್ ಲಸಿಕೆ. ಚಿಪ್‌ಗಿಂತ ಮುಂಚೆ ಹಾಕಿದ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಲಸಿಕೆಯಾಗಿ ಕನಿಷ್ಠ 30 ದಿನದ ಮೇಲೆ ರಕ್ತ ತೆಗೆದು, ಯುರೋಪಿಯನ್ ಒಕ್ಕೂಟ ಒಪ್ಪಿದ ಲ್ಯಾಬಿಗೆ ಕಳಿಸಬೇಕು. ರೇಬೀಸ್ ವಿರುದ್ಧದ ಪ್ರತಿಕಾಯ (ಆ್ಯಂಟಿಬಾಡಿ) ರಕ್ತದಲ್ಲಿ ಪ್ರತಿ ಮಿಲಿಲೀಟರ್‌ಗೆ 0.5 ಐಯು ಅಥವಾ ಹೆಚ್ಚು ಬರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಆದ್ದರಿಂದ ನಾಳೆಯೇ ಲಸಿಕೆಗೆ ಓಡಬೇಡಿ, ಮೊದಲು ಚಿಪ್ ಹಾಕಿಸಿ, ಸ್ಕ್ಯಾನರ್‌ನಲ್ಲಿ ನಂಬರ್ ಕಾಣುವ ಫೋಟೊ ಇಟ್ಟುಕೊಳ್ಳಿ.

ಪ್ರಶ್ನೆ (ಮೈಸೂರಿನ ತಂಡದಿಂದಲೇ):
ತುಂಬಾ ಉಪಕಾರ ಆಯ್ತು ಮೇಡಂ. ಇನ್ನೆರಡು. ದತ್ತು ಕೊಡುವಾಗ ಶೀಟಿನ ಲಿಂಕ್ ಕೊಡಬಹುದಾ? ಬೀದಿಯಿಂದ ಬಂದ ದೊಡ್ಡ ಹೆಣ್ಣು ನಾಯಿಗೆ ಮರಿ ಆಗದ ಹಾಗೆ ಆಪರೇಷನ್ ಆಗಿದೆಯೋ ಇಲ್ಲವೋ ಹೇಗೆ ಬರೆಯೋದು?

ಉತ್ತರ:
ಲಿಂಕ್ ಬೇಡ. ಅದರಲ್ಲಿ ಬೇರೆ ನಾಯಿಗಳದ್ದು, ನಿಮ್ಮವರ ಫೋನ್ ನಂಬರ್, ದಾನ ಕೊಟ್ಟವರ ಹೆಸರು ಎಲ್ಲಾ ಇರುತ್ತದೆ. ಆ ನಾಯಿಯ ಸಾಲುಗಳನ್ನಷ್ಟೇ ಪಿಡಿಎಫ್ ಮಾಡಿ ಕೊಡಿ, ಮುಂದಿನ ಲಸಿಕೆ ಮತ್ತು ಜಂತುಹುಳು ಔಷಧಿಯ ದಿನಾಂಕ ಮೇಲ್ಗಡೆಯೇ ಇರಲಿ. ಡಾಕ್ಟರ್ ಸಹಿ, ಸೀಲು ಇರುವ ಲಸಿಕೆ ಪುಸ್ತಕವನ್ನೂ ಜೊತೆಗೇ ಕೊಡಿ. ಕಚೇರಿಗಳಲ್ಲಿ ಕೇಳೋದು ಅದನ್ನೇ.

ಆಪರೇಷನ್ ವಿಷಯಕ್ಕೆ ಮೊದಲು ಕಿವಿ ನೋಡಿ. ಎಬಿಸಿ (ಬೀದಿ ನಾಯಿಗಳ ಸಂತಾನ ನಿಯಂತ್ರಣ ಕಾರ್ಯಕ್ರಮ) ಅಡಿ ಆಪರೇಷನ್ ಆದ ಬೀದಿ ನಾಯಿಗಳಿಗೆ ಕಿವಿಯಲ್ಲಿ ಕತ್ತರಿಸಿದ ಗುರುತು ಮಾಡಿರುತ್ತಾರೆ. ಆದರೆ ಜಗಳದಲ್ಲಿ ಹರಿದ ಕಿವಿಯೂ ಒಮ್ಮೊಮ್ಮೆ ಹಾಗೇ ಕಾಣುತ್ತದೆ. ಹೊಟ್ಟೆಯ ಅಥವಾ ಪಕ್ಕೆಯ ಕೂದಲು ಬೋಳಿಸಿ ಹಳೇ ಹೊಲಿಗೆ ಗುರುತು ಹುಡುಕಲು, ಬೇಕಾದರೆ ಸ್ಕ್ಯಾನ್ ಮಾಡಲು ನಿಮ್ಮ ಡಾಕ್ಟರ್‌ಗೆ ಹೇಳಿ. ಇಲ್ಲದಿದ್ದರೆ ಆಪರೇಷನ್ ಆದ ನಾಯಿಯ ಹೊಟ್ಟೆಯನ್ನೇ ಮತ್ತೆ ಕೊಯ್ಯಬೇಕಾಗಬಹುದು. ಗುರುತು ಸಿಕ್ಕರೆ ಕಿವಿ, ಹೊಟ್ಟೆ ಎರಡರ ಫೋಟೊ ಹಾಕಿ, ದಿನಾಂಕದ ಜಾಗದಲ್ಲಿ "ನಮ್ಮ ಹತ್ತಿರ ಬರುವ ಮುಂಚೆಯೇ ಆಗಿದೆ" ಅಂತ ಬರೆಯಿರಿ. ಅಂದಾಜಿನ ದಿನಾಂಕ ಹಾಕಬೇಡಿ.