ಷಟರ್ ಎಳೆದ ಮೇಲೂ ಕೆಲಸ ಮುಗಿಯದವರು ದಿನವನ್ನು, ದುಡ್ಡನ್ನು, ದೇಹವನ್ನು ಹೇಗೆ ಕಾಪಾಡಿಕೊಳ್ಳುತ್ತೀರಿ?

ಪ್ರಶ್ನೆ: ಅಚ್ಚುಮನೆ, ದಾವಣಗೆರೆ

ಹದಿನಾಲ್ಕು ವರ್ಷಗಳಿಂದ ದಾವಣಗೆರೆಯಲ್ಲಿ ಸಣ್ಣದೊಂದು ಮುದ್ರಣಾಲಯ ನಡೆಸುತ್ತಿದ್ದೇನೆ. ಒಂದು ಹಳೆಯ ಆಫ್‌ಸೆಟ್ ಯಂತ್ರ, ಒಂದು ಸ್ಕ್ರೀನ್ ಪ್ರಿಂಟಿಂಗ್ ಮೇಜು, ಕಟಿಂಗ್ ಮೆಷಿನ್ ಮತ್ತು ಇಬ್ಬರು ಹುಡುಗರು. ಡಿಟಿಪಿಯನ್ನು, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸವನ್ನು, ನನ್ನ ಪತ್ನಿ ನೋಡಿಕೊಳ್ಳುತ್ತಾರೆ. ಲಗ್ನಪತ್ರಿಕೆ, ಬಿಲ್ ಬುಕ್, ಶಾಲೆಯ ಡೈರಿ, ಗೃಹಪ್ರವೇಶದ ಆಮಂತ್ರಣ ಇವೇ ನಮಗೆ ಅನ್ನ ಕೊಡುವ ಕೆಲಸಗಳು. ಈಗ ಧನುರ್ಮಾಸವಾದ್ದರಿಂದ ಯಂತ್ರ ಸುಮ್ಮನೆ ನಿಂತಿದೆ. ಇಷ್ಟು ಉದ್ದದ ಪ್ರಶ್ನೆ ಬರೆಯಲು ಪುರುಸೊತ್ತು ಸಿಕ್ಕಿರುವುದೂ ಅದರಿಂದಲೇ.

ನನಗೆ ಈಗ ನಲವತ್ತಮೂರು ವರ್ಷ. ಕಳೆದ ತಿಂಗಳು ತಲೆಸುತ್ತು ಬಂದು ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಹೋದಾಗ ರಕ್ತದೊತ್ತಡ 154/98 ಇತ್ತು. ವಾರ ಬಿಟ್ಟು ನೋಡಿದಾಗಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಮಾತ್ರೆ ಬರೆದುಕೊಟ್ಟ ವೈದ್ಯರು, ಉಪ್ಪು ಕಡಿಮೆ ಮಾಡಿ, ನಡೆಯಿರಿ, ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಿ ಎಂದರು. ಮೊದಲ ಎರಡನ್ನು ಹೇಗೋ ಮಾಡಬಹುದು, ಮೂರನೆಯದೇ ಕಷ್ಟ. ಒಂಬತ್ತಕ್ಕೆ ಷಟರ್ ಎಳೆದರೂ ಹನ್ನೊಂದರವರೆಗೆ ವಾಟ್ಸ್ಆ್ಯಪ್‌ನಲ್ಲಿ ಪ್ರೂಫ್ ತಿದ್ದುಪಡಿಗಳು ಬರುತ್ತಲೇ ಇರುತ್ತವೆ. ಕಳೆದ ವರ್ಷ ರಾತ್ರಿ 11.40ಕ್ಕೆ ಒಬ್ಬ ಗಿರಾಕಿ, ಮದುವೆಯ ದಿನಾಂಕ ಮೇ 4ರಿಂದ ಮೇ 9ಕ್ಕೆ ಹೋಗಿದೆ ಎಂದು ಸಂದೇಶ ಕಳುಹಿಸಿದರು. ನಿದ್ದೆಗಣ್ಣಿನಲ್ಲಿ ದಿನಾಂಕವನ್ನು ತಿದ್ದಿದೆ, ವಾರವನ್ನು ತಿದ್ದಲಿಲ್ಲ. ಶುಕ್ರವಾರದ ಮದುವೆಗೆ "9-5-2025ನೇ ಭಾನುವಾರ" ಎಂದು ಆರುನೂರು ಪತ್ರಿಕೆಗಳು ಅಚ್ಚಾದವು. ಪತ್ರಿಕೆಗೆ 18 ರೂಪಾಯಿಯಂತೆ 10,800 ರೂಪಾಯಿಯ ಕೆಲಸವನ್ನು ನನ್ನ ಕೈಯಿಂದಲೇ ಮತ್ತೆ ಮಾಡಿಕೊಟ್ಟೆ.

ದುಡ್ಡಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಒಂದು ತಿಂಗಳು ಕಾಗದ, ಬಾಡಿಗೆ, ಕರೆಂಟು, ಹುಡುಗರ ಕೂಲಿ ಎಲ್ಲ ಕಳೆದು ಎಂಬತ್ತು ಸಾವಿರ ಉಳಿದರೆ ಇನ್ನೊಂದು ತಿಂಗಳು ಹದಿನೈದು ಸಾವಿರವೂ ಉಳಿಯುವುದಿಲ್ಲ. ಮನೆಗೆ ಬೇಕಾದಾಗಲೆಲ್ಲ ಗಲ್ಲಾಪೆಟ್ಟಿಗೆಗೇ ಕೈಹಾಕುತ್ತೇನೆ. ವಾರದ ರಜೆ, ನಿಗದಿತ ಸಂಬಳ, ಮುಂಗಡ ಯೋಜನೆ ಎಂಬ ಮಾತುಗಳು ನೌಕರಿಯವರಿಗೆ ಮಾತ್ರ ಹೇಳಿದ್ದೇ, ಅಥವಾ ನಮ್ಮಂಥ ಅಂಗಡಿಯವರೂ ಯಾರಾದರೂ ಅದನ್ನು ನಡೆಸಿಕೊಂಡು ಬಂದಿದ್ದೀರಾ? ನಿಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಖಾತೆಕಿರ್ದಿ, ಹುಬ್ಬಳ್ಳಿ

ಹುಬ್ಬಳ್ಳಿಯಲ್ಲಿ ಸಣ್ಣ ವ್ಯಾಪಾರಿಗಳ ತೆರಿಗೆ ಲೆಕ್ಕ ಬರೆಯುವುದು ನನ್ನ ವೃತ್ತಿ. ಆರೋಗ್ಯದ ವಿಷಯವನ್ನು ಬಲ್ಲವರು ಹೇಳಲಿ, ನಾನು ದುಡ್ಡಿನ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ. ಆದರೂ ನಿಮ್ಮ ನಿದ್ದೆ ಕೆಡಲು ಗಲ್ಲಾಪೆಟ್ಟಿಗೆಯ ಪಾಲೂ ಇದೆ ಎಂಬುದು ನನ್ನ ಅಂದಾಜು.

ಮೊದಲು ಕಳೆದ ಹನ್ನೆರಡು ತಿಂಗಳ ಉಳಿಕೆಯನ್ನು ಒಂದು ಹಾಳೆಯಲ್ಲಿ ಬರೆದು ಕೂಡಿಸಿ. ಉದಾಹರಣೆಗೆ ಮೊತ್ತ 5,04,000 ಬಂದರೆ ತಿಂಗಳ ಸರಾಸರಿ 42,000 ಆಗುತ್ತದೆ. ಆ ಸರಾಸರಿಯನ್ನೇ ಸಂಬಳವೆಂದು ತೆಗೆದುಕೊಳ್ಳಬಾರದು. 30,000ಕ್ಕೆ ನಿಲ್ಲಿಸಿ, ಪ್ರತಿ ತಿಂಗಳ 5ನೇ ತಾರೀಖು ಅಂಗಡಿಯ ಖಾತೆಯಿಂದ ಮನೆಯ ಖಾತೆಗೆ ವರ್ಗಾಯಿಸಿ. ಎಂಬತ್ತು ಸಾವಿರ ಉಳಿದ ತಿಂಗಳಲ್ಲೂ ಮೂವತ್ತೇ, ಹದಿನೈದು ಉಳಿದ ತಿಂಗಳಲ್ಲೂ ಮೂವತ್ತೇ. ಮಿಕ್ಕದ್ದು ಅಂಗಡಿಯ ಖಾತೆಯಲ್ಲೇ ಕೂತು ಯಂತ್ರದ ರಿಪೇರಿಗೆ, ಬರಗಾಲದ ತಿಂಗಳಿಗೆ, ವಿಮೆಯ ಕಂತಿಗೆ ಒದಗುತ್ತದೆ. ಮೊದಲ ವರ್ಷ ಇದು ಕಷ್ಟವೇ. ಹಬ್ಬದ ತಿಂಗಳಲ್ಲಿ ಗಲ್ಲಾ ತುಂಬಿರುವಾಗ ಕೈ ಕಟ್ಟಿ ಕೂರುವುದು ಸುಲಭವಲ್ಲವೆಂದು ನನ್ನ ಕಕ್ಷಿದಾರರೇ ಹೇಳಿದ್ದಾರೆ.

ಮನೆಯ ಮತ್ತು ಅಂಗಡಿಯ ಖಾತೆಗಳು ಬೇರೆಬೇರೆ ಇರಲೇಬೇಕು. 2025ರ ಜುಲೈನಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸುಗಳು ಬಂದಾಗ, ಮಾವ ಕೊಟ್ಟ ಕೈಗಡ, ಚೀಟಿ ಹಣ, ಅಂಗಡಿಯ ವ್ಯಾಪಾರ ಎಲ್ಲವೂ ಒಂದೇ ಕ್ಯೂಆರ್ ಕೋಡಿಗೆ ಬಿದ್ದಿದ್ದವರು ಯಾವುದು ವ್ಯಾಪಾರದ್ದು, ಯಾವುದು ಅಲ್ಲ ಎಂದು ವಿವರಿಸಲು ಪಟ್ಟ ಪಾಡನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಿಗಳ ಅಂದಾಜು ಲಾಭದ ನಿಯಮದ ಪ್ರಕಾರ ವಹಿವಾಟಿನ ಶೇ. 8ರಷ್ಟನ್ನು, ಬ್ಯಾಂಕ್ ಮತ್ತು ಡಿಜಿಟಲ್ ಜಮೆಗಾದರೆ ಶೇ. 6ರಷ್ಟನ್ನು, ಲಾಭವೆಂದು ತೋರಿಸುವವರು ಲೆಕ್ಕಪುಸ್ತಕ ಇಡಬೇಕಾಗಿಲ್ಲ. ಈ ರಿಯಾಯಿತಿಯೇ ನಮ್ಮ ಎಷ್ಟೋ ಅಂಗಡಿಯವರಿಗೆ ಮುಳುವಾಗಿದೆ ಎಂದು ನನಗೆ ಅನ್ನಿಸುತ್ತದೆ. ಸರ್ಕಾರ ಕೇಳದಿದ್ದರೂ ನಿಮ್ಮ ಸಲುವಾಗಿ ಒಂದು ಕಿರ್ದಿ ಪುಸ್ತಕ ಇರಲಿ.

ನಿಮ್ಮ ವರಮಾನಕ್ಕೆ ಪಂಚಾಂಗವೇ ಯಜಮಾನ. ಹಾಗಿರುವಾಗ ಅದನ್ನು ಮುಹೂರ್ತಕ್ಕಷ್ಟೇ ನೋಡದೆ ಬಜೆಟ್ಟಿಗೂ ನೋಡಿ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಮಾಸವಿದೆ. ಜುಲೈ ಮಧ್ಯದಿಂದ ಆಷಾಢ. ಬೇಸಿಗೆ ರಜೆಯ ಮದುವೆಗಳೆಂದು ನೀವು ನೆಚ್ಚಿಕೊಂಡ ಕಾಲದಲ್ಲೇ ಒಂದು ತಿಂಗಳು ಪೂರ್ತಿ ಹೋಗುತ್ತದೆ. ಲಗ್ನಪತ್ರಿಕೆ ಮದುವೆಗೆ ತಿಂಗಳು ಒಂದೂವರೆ ತಿಂಗಳ ಮೊದಲೇ ಅಚ್ಚಾಗುವುದರಿಂದ ನಿಮ್ಮ ಬರಗಾಲವು ಛತ್ರದವರ ಮತ್ತು ಅಡುಗೆಯವರ ಬರಗಾಲಕ್ಕಿಂತ ಮುಂಚೆ ಶುರುವಾಗುತ್ತದೆ. ಶಾಲೆಯ ಡೈರಿ, ಬಿಲ್ ಬುಕ್ಕುಗಳ ಆರ್ಡರನ್ನು ಆ ಖಾಲಿ ವಾರಗಳಿಗೆ ಈಗಲೇ ಮಾತಾಡಿಕೊಳ್ಳಿ.

ಉದ್ರಿಯ ಬಗ್ಗೆ ನೀವು ಬರೆದಿಲ್ಲವಾದರೂ ಇದ್ದೇ ಇರುತ್ತದೆ. ಸಣ್ಣ ಉದ್ಯಮಗಳಿಗೆಂದೇ ಕೇಂದ್ರ ಸರ್ಕಾರ ಇಟ್ಟಿರುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಶುಲ್ಕವಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ (ಎಂಎಸ್‌ಎಂಇಡಿ) ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದವರಿಗೆ ಕೊಡಬೇಕಾದ ಹಣವನ್ನು, ಬರವಣಿಗೆಯ ಒಪ್ಪಂದವಿದ್ದರೂ, 45 ದಿನಗಳಾಚೆ ಮುಂದೂಡುವಂತಿಲ್ಲ; ಒಪ್ಪಂದವೇ ಇಲ್ಲದಿದ್ದರೆ 15 ದಿನ. ಆದಾಯ ತೆರಿಗೆಯಲ್ಲಿ ಇದಕ್ಕಾಗಿಯೇ ನಿಯಮ ಬಂದ ಮೇಲೆ, ಹೀಗೆ ತಡಮಾಡಿದ ವ್ಯಾಪಾರಿಗೆ ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಲಾಭದಿಂದ ಕಳೆಯಲು ಅವಕಾಶ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿಕೊಂಡರೆ, ನಿಮ್ಮ ಪರವಾಗಿ ಎದುರು ಪಕ್ಷದ ಲೆಕ್ಕಿಗನೇ ತಗಾದೆ ಮಾಡುತ್ತಾನೆ.

ಉತ್ತರ 2: ಸೂಜಿದಾರ, ಶಿವಮೊಗ್ಗ

ಶಿವಮೊಗ್ಗದಲ್ಲಿ ಮಹಿಳೆಯರ ಬಟ್ಟೆ ಹೊಲಿಯುವ ಅಂಗಡಿ ಇಟ್ಟು ಹನ್ನೊಂದು ವರ್ಷವಾಯಿತು. ನಿಮ್ಮ 11.40ರ ಸಂದೇಶವನ್ನು ಓದಿದಾಗ ನನ್ನ ಗೌರಿ ಹಬ್ಬದ ರಾತ್ರಿಗಳು ನೆನಪಾದವು. "ಇದೊಂದು ಬ್ಲೌಸ್ ಮಾತ್ರ" ಎಂದು ಬಂದವರಿಗೆ ಇಲ್ಲವೆನ್ನಲಾಗದೆ ಹಬ್ಬದ ಬೆಳಗಿನ ಜಾವ ಮೂರರವರೆಗೆ ಹುಕ್ಕು ಹಾಕಿದವಳು ನಾನು. ಒಂದು ವರ್ಷ ಬಾಗಿನದ ಮೊರ ಹಿಡಿಯಲೂ ಆಗದಷ್ಟು ಕುತ್ತಿಗೆ ಹಿಡಿದುಕೊಂಡಿತು.

ಆಮೇಲೆ ಮಾಡಿದ ವ್ಯವಸ್ಥೆ ಇದು. ದಿನಕ್ಕೆ ಎಷ್ಟು ಬ್ಲೌಸ್ ಆಗುತ್ತದೆಂದು ಎರಡು ವಾರ ಸುಮ್ಮನೆ ಎಣಿಸಿದೆ. ನಾನು ಹತ್ತು ಎಂದುಕೊಂಡಿದ್ದೆ. ಲೈನಿಂಗ್ ಇರುವವು ಸೇರಿ ನಿಜಕ್ಕೂ ಆಗುತ್ತಿದ್ದದ್ದು ಆರು. ಈಗ ಒಂದು ಗೋಡೆ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕಕ್ಕೆ ಐದು ಗೆರೆ ಎಳೆಯುತ್ತೇನೆ, ಆರನೆಯದನ್ನು ಆಲ್ಟರೇಶನ್‌ಗೆ ಬಿಡುತ್ತೇನೆ. ಗೆರೆ ತುಂಬಿದ ದಿನವನ್ನು ಗಿರಾಕಿಗೆ ಕ್ಯಾಲೆಂಡರಿನಲ್ಲೇ ತೋರಿಸುತ್ತೇನೆ. ಬಾಯಲ್ಲಿ ಆಗುವುದಿಲ್ಲ ಎಂದರೆ ಮುನಿಸಿಕೊಳ್ಳುತ್ತಿದ್ದವರು ತುಂಬಿದ ಚೌಕವನ್ನು ಕಣ್ಣಾರೆ ಕಂಡಾಗ ತಾವಾಗಿಯೇ ಮುಂದಿನ ದಿನ ಕೇಳುತ್ತಾರೆ. ಗೌರಿ ಹಬ್ಬಕ್ಕೆ ಹನ್ನೆರಡು ದಿನ ಇರುವಾಗ ಹೊಸ ಬಟ್ಟೆ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತೇನೆ. ಕೆಲವರು ಎದುರಿನ ಅಂಗಡಿಗೆ ಹೋದರು, ಅದು ಸುಳ್ಳಲ್ಲ.

ನಿಮ್ಮ ಪ್ರೂಫಿಗೂ ಇಂಥದೇ ಕಟ್ಟು ಬೇಕು. ಎರಡು ತಿದ್ದುಪಡಿ ಉಚಿತ, ಮೂರನೆಯದಕ್ಕೆ ಹಣ ಎಂದು ಮುಂಗಡದ ರಸೀದಿಯಲ್ಲೇ ಅಚ್ಚು ಮಾಡಿ. ಅಚ್ಚುಮನೆಯವರಿಗೆ ಅದೇನು ಖರ್ಚಿನ ಮಾತೇ? ಮುದ್ರಣಕ್ಕೆ ಹೋಗುವ ಮುನ್ನ ದಿನಾಂಕ, ವಾರ, ಮುಹೂರ್ತ, ಛತ್ರದ ಹೆಸರು ಈ ನಾಲ್ಕರ ಮೇಲೆ ಗಿರಾಕಿಯೇ ಪೆನ್ನಿನಿಂದ ಸರಿ ಗುರುತು ಹಾಕಿ ಸಹಿ ಮಾಡಲಿ.

ಊಟದ ಬಗ್ಗೆ ಒಂದು ಮಾತು. ದಾವಣಗೆರೆಯವರೆಂದರೆ ಸಂಜೆ ನಾಲ್ಕಕ್ಕೆ ಮಂಡಕ್ಕಿ ಮೆಣಸಿನಕಾಯಿ ಬಂದೇ ಬರುತ್ತದೆ ಎಂದು ನನ್ನ ಊಹೆ. ಮಧ್ಯಾಹ್ನದ ಊಟವನ್ನು ಮೂರೂವರೆಗೆ ತಳ್ಳುವವರಿಗೆ ಆ ಹಸಿವು ತಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪಿನ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಬಜ್ಜಿ ಎಲ್ಲ ಸೇರಿದರೆ ಅದು ಎಂದೋ ದಾಟಿರುತ್ತದೆ. ನಾನು ಒಂದೂವರೆಗೆ ಮೆಷಿನ್ ನಿಲ್ಲಿಸಿ ಬುತ್ತಿ ಬಿಚ್ಚುತ್ತೇನೆ. ಆ ಅರ್ಧ ಗಂಟೆ ಬಾಗಿಲಿಗೆ ಪರದೆ ಎಳೆದಿರುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಕಾಡಿತು, ತಪ್ಪು ತಿಳಿಯಬೇಡಿ. ಹುಡುಗರ ಕೂಲಿಯನ್ನು ಲೆಕ್ಕಕ್ಕೆ ಹಿಡಿದಿದ್ದೀರಿ. ಮೇಲಿನವರು ನಿಮಗೆ 30,000 ಸಂಬಳ ಗೊತ್ತುಮಾಡಿದ್ದಾರೆ. ಡಿಟಿಪಿ ನೋಡಿಕೊಳ್ಳುವ ನಿಮ್ಮ ಮನೆಯವರ ಸಂಬಳ ಎಷ್ಟು?

ಉತ್ತರ 3: ಪಾನಾ ಸ್ಪ್ಯಾನರ್, ಹಾಸನ

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅಂಗಡಿ ಇಟ್ಟ ಮೊದಲ ಮೂರು ನಾಲ್ಕು ವರ್ಷ ಇವೆಲ್ಲ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ. ಹಾಸನದಲ್ಲಿ ನಾನು ದ್ವಿಚಕ್ರ ವಾಹನಗಳ ಗ್ಯಾರೇಜ್ ತೆರೆದಾಗ ರಾತ್ರಿ ಹತ್ತಕ್ಕೆ ಪಂಕ್ಚರ್ ಗಾಡಿ ತಳ್ಳಿಕೊಂಡು ಬಂದವರಿಗೂ ಬಾಗಿಲು ತೆರೆದಿದ್ದೇನೆ. ಇಂದಿನ ನನ್ನ ಕಾಯಂ ಗಿರಾಕಿಗಳಲ್ಲಿ ಹಲವರು ಆ ರಾತ್ರಿಗಳಲ್ಲಿ ಸಿಕ್ಕವರು. ಹೊಸಬರು ಇದನ್ನು ಓದಿ ಆರು ಗಂಟೆಗೆ ಬೀಗ ಹಾಕಿದರೆ ಬಾಡಿಗೆ ಹುಟ್ಟುವುದಿಲ್ಲ. ನಿಮ್ಮದು ಹದಿನಾಲ್ಕು ವರ್ಷದ ಅಂಗಡಿ, ಹಾಗಾಗಿ ನಿಮ್ಮ ಮಾತು ಬೇರೆ.

ಗಿರಾಕಿ ತಪ್ಪಿಹೋಗುತ್ತಾನೆಂಬ ಹೆದರಿಕೆ ನನ್ನನ್ನು ಬಿಟ್ಟದ್ದು ನನ್ನ ಬುದ್ಧಿಯಿಂದಲ್ಲ. ಮೂರು ವರ್ಷದ ಹಿಂದೆ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್‌ಗೆ ಎಳೆಯುವಾಗ ಸೊಂಟ ಹಿಡಿದು ಇಪ್ಪತ್ತೆರಡು ದಿನ ಹಾಸಿಗೆಯಲ್ಲಿದ್ದೆ. ಮೊದಲ ವಾರ ಮಲಗಿದಲ್ಲಿಂದಲೇ ಫೋನಿನಲ್ಲಿ ಹುಡುಗನಿಗೆ ಕಾರ್ಬುರೇಟರ್ ಬಿಚ್ಚುವುದನ್ನು ಹೇಳಿಕೊಡುತ್ತಿದ್ದೆ, ಎರಡನೇ ವಾರ ಅದೂ ಸಾಕೆನಿಸಿತು. ಎದ್ದು ಬಂದು ಬಾಗಿಲು ತೆರೆದಾಗ ಹಳೆಯ ಗಾಡಿಗಳೆಲ್ಲ ಒಂದೊಂದಾಗಿ ಬಂದವು. ಬಾರದೇ ಹೋದವರು ನಾಲ್ಕೋ ಐದೋ ಮಂದಿ, ಅವರಲ್ಲಿ ಇಬ್ಬರು ನನಗೆ ಬಾಕಿ ಕೊಡಬೇಕಾದವರು.

ಆ ಇಪ್ಪತ್ತೆರಡು ದಿನ ಒಂದು ರೂಪಾಯಿಯೂ ಬರಲಿಲ್ಲ. ಆದ್ದರಿಂದ ವಿಮೆಯನ್ನು ಯೋಜನೆಯ ಕೊನೆಗೆ ಇಡಬೇಡಿ. ಬ್ಯಾಂಕಿನಲ್ಲೇ ಸಿಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾಕ್ಕೆ ವರ್ಷಕ್ಕೆ 20 ರೂಪಾಯಿ, ಜೀವನ ಜ್ಯೋತಿ ಬಿಮಾಕ್ಕೆ 436 ರೂಪಾಯಿ. ಮೊದಲನೆಯದು ಅಪಘಾತಕ್ಕೆ, ಎರಡನೆಯದು ಯಾವುದೇ ಕಾರಣದ ಸಾವಿಗೆ, ತಲಾ 2 ಲಕ್ಷ. ಎರಡನೆಯದಕ್ಕೆ 50 ವರ್ಷದೊಳಗೆ ಸೇರಿಕೊಳ್ಳಬೇಕು. ಇವೆರಡೂ ಆಸ್ಪತ್ರೆಯ ಖರ್ಚನ್ನು ಕೊಡುವುದಿಲ್ಲ, ಅದಕ್ಕೆ ಬೇರೆ ಆರೋಗ್ಯ ವಿಮೆ ಬೇಕು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. ಅರ್ಜಿಯಲ್ಲಿ ನಿಮ್ಮ ರಕ್ತದೊತ್ತಡವನ್ನು ಮುಚ್ಚಿಡದೆ ಬರೆಯಿರಿ. ಮುಚ್ಚಿಟ್ಟರೆ ಹಣ ಕೇಳುವ ದಿನ ಅದೇ ತಕರಾರಾಗುತ್ತದೆ.

ನಡಿಗೆಗೆ ಬೆಳಿಗ್ಗೆ ಸಮಯ ಸಿಗದಿದ್ದರೆ ಅಂಗಡಿಗೆ ಹೋಗುವ ದಾರಿಯನ್ನೇ ಬಳಸಿಕೊಳ್ಳಿ. ನಾನು ಗ್ಯಾರೇಜಿನವನಾಗಿಯೂ ದಿನಕ್ಕೆ ಎರಡು ಬಾರಿ ಹದಿನೈದು ಹದಿನೈದು ನಿಮಿಷ ನಡೆದೇ ಹೋಗಿ ಬರುತ್ತೇನೆ. ವಾರಕ್ಕೆ ಐದು ದಿನ ನಡೆದರೂ ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಬೇಕೆಂದು ಹೇಳುವ 150 ನಿಮಿಷ ಆಗುತ್ತದೆ. ಗಾಡಿ ಕೆಟ್ಟಿದೆಯೇ ಎಂದು ದಾರಿಯಲ್ಲಿ ಕೇಳುವವರು ಇನ್ನೂ ಇದ್ದಾರೆ.

ಮರುಉತ್ತರ: ಅಚ್ಚುಮನೆ, ದಾವಣಗೆರೆ

ಮೂವರಿಗೂ ಕೃತಜ್ಞತೆಗಳು. ಹತ್ತು ದಿನದಲ್ಲಿ ಆದಷ್ಟನ್ನು ತಿಳಿಸುತ್ತೇನೆ. ರಸೀದಿ ಪುಸ್ತಕಕ್ಕೆ ತಿದ್ದುಪಡಿಯ ನಿಯಮ ಸೇರಿಸಿ ಹೊಸದಾಗಿ ಅಚ್ಚು ಮಾಡಿದೆ, ರಾತ್ರಿ ಎಂಟರ ನಂತರ ಬಂದ ತಿದ್ದುಪಡಿಯನ್ನು ಮರುದಿನವೇ ನೋಡುತ್ತೇವೆಂಬ ಸಾಲೂ ಅದರಲ್ಲಿದೆ. ಒಬ್ಬ ಹಿರಿಯರು ಓದಿ, "ಏನಪ್ಪಾ, ಸರ್ಕಾರಿ ಆಫೀಸು ಮಾಡಿಬಿಟ್ಟೆ" ಎಂದು ನಕ್ಕು, ಆಮೇಲೆ ಸಹಿ ಹಾಕಿದರು. ಅಧಿಕ ಮಾಸದ ವಾರಗಳಿಗೆ ಒಂದು ಶಾಲೆಯ ಡೈರಿ ಕೆಲಸ ಒಪ್ಪಿಗೆಯಾಗಿದೆ, ಯಂತ್ರದ ರೋಲರ್ ಬದಲಿಸುವ ಕೆಲಸವನ್ನೂ ಅಲ್ಲಿಗೇ ಇಟ್ಟಿದ್ದೇನೆ. ರಕ್ತದೊತ್ತಡ ಈ ವಾರ 142/90. ಮೆಣಸಿನಕಾಯಿ ಪೂರ್ತಿ ಬಿಟ್ಟಿಲ್ಲ, ಶನಿವಾರಕ್ಕೆ ಇಳಿಸಿದ್ದೇನೆ.

ಸೂಜಿದಾರ ಅವರೇ, ನಿಮ್ಮ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಪತ್ನಿಯನ್ನೇ ಕೇಳಿದೆ. ಅವರು ಕೀಬೋರ್ಡಿನಿಂದ ತಲೆಯೆತ್ತದೆ, "ನಿಮಗೆಷ್ಟೋ ನನಗೂ ಅಷ್ಟೇ" ಎಂದರು. ಆ ಮೂವತ್ತು ಸಾವಿರವನ್ನು ಹದಿನೈದು ಹದಿನೈದಾಗಿ ಮಾಡಿ, ಸೋಮವಾರ ಅವರ ಹೆಸರಿನಲ್ಲಿ ಬೇರೆ ಖಾತೆ ತೆರೆದು ಬಂದೆವು.