ಸಹಾಯ ಬೇಕು: ಮಳೆಗಾಲದಲ್ಲಿ ಎಂಬಾಸಿಂಗ್ ಪುಡಿ ಕಾರ್ಡಿಗೆಲ್ಲ ಅಂಟುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದವಳು. ಚೌತಿಗೆ ನೆಂಟರಿಗೆ ಕೊಡಲು 40 ಶುಭಾಶಯ ಪತ್ರ ಕೈಯಲ್ಲೇ ಮಾಡುತ್ತಿದ್ದೇನೆ. 'ಹಬ್ಬದ ಶುಭಾಶಯ' ಎಂದು ರಬ್ಬರ್ ಬ್ಲಾಕಿನಲ್ಲಿ ಅಕ್ಷರ ತಿರುಗಿಸಿ ನಾನೇ ಕೆತ್ತಿದ ಅಚ್ಚು. ಅದಕ್ಕೇ ಒಂದು ವಾರ ಹಿಡಿಯಿತು.

ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತಿತ್ತು. ಬೇಗ ಒಣಗದ ಪಿಗ್ಮೆಂಟ್ ಇಂಕಿನಲ್ಲಿ ಒತ್ತಿ, ಚಿನ್ನದ ಬಣ್ಣದ ಎಂಬಾಸಿಂಗ್ ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ ಹೀಟ್ ಗನ್ (ತುಂಬಾ ಬಿಸಿ ಗಾಳಿ ಬಿಡುವ ಉಪಕರಣ) ಹಿಡಿಯುತ್ತಿದ್ದೆ. ಪುಡಿ ಕರಗಿ ಅಕ್ಷರ ಉಬ್ಬಿ ಹೊಳೆಯುವುದನ್ನು ನೋಡುವುದೇ ಒಂದು ಖುಷಿ. ಈಗ ಆಟಿಯ ಮಳೆ. ಕಾಗದ ತೇವ ಹೀರಿ ಮೆತ್ತಗಾಗಿದೆ. ಪುಡಿ ಅಕ್ಷರದ ಹೊರಗೂ ಅಂಟುತ್ತದೆ. ಸಣ್ಣ ಬ್ರಷ್‌ನಿಂದ ತೆಗೆದರೂ ಚುಕ್ಕಿಗಳು ಉಳಿಯುತ್ತವೆ. ಅಚ್ಚು ಒತ್ತುವ ಮೊದಲು ಟಾಲ್ಕಂ ಪೌಡರನ್ನು ಬಟ್ಟೆಯಲ್ಲಿ ಕಟ್ಟಿ ಕಾಗದಕ್ಕೆ ಸವರಿ ನೋಡಿದೆ. ಸ್ವಲ್ಪ ವಾಸಿ, ಅಷ್ಟೇ. ಕಾಗದವನ್ನು ಮೊದಲೇ ಜಾಸ್ತಿ ಬಿಸಿ ಮಾಡಿದರೆ ಬಾಗುತ್ತದೆ.

ಇನ್ನೊಂದು ತೊಂದರೆ ನಮ್ಮ ಲಿಪಿಯದ್ದು. 'ಬ್ಬ' ಅಕ್ಷರದ ಸಣ್ಣ ಸಂದಿಯಲ್ಲಿ ಪುಡಿ ಕರಗಿ ಮುಚ್ಚಿಹೋಗುತ್ತದೆ. ತೆಳು ಗೆರೆಗೆಂದೇ ನಯವಾದ ಪುಡಿ ಬರುತ್ತದೆ ಅಲ್ವಾ? ಅದು ಕಾಸರಗೋಡು ಅಥವಾ ಮಂಗಳೂರಿನ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಕರಾವಳಿಯ ಮಳೆಯಲ್ಲೂ ಈ ಕೆಲಸ ಮಾಡುವವರು ಕಾಗದವನ್ನು ಹೇಗೆ ಇಡುತ್ತೀರಿ? ಅಕ್ಕಿ ಡಬ್ಬದಲ್ಲಿಡು ಎಂದರು ಅತ್ತೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಗಟ್ಟಿ ಮುಚ್ಚಳದ ಡಬ್ಬದಲ್ಲಿಟ್ಟರೆ ಸಾಕೇ? ಹೀಟ್ ಗನ್ ಬದಲು ಹೇರ್ ಡ್ರೈಯರ್ ಮಾತ್ರ ಬೇಡ, ಅದರ ಗಾಳಿಗೆ ಪುಡಿ ಹಾರುತ್ತದೆ, ಕರಗುವಷ್ಟು ಬಿಸಿಯೂ ಬರುವುದಿಲ್ಲ.

ಚೌತಿಗೆ ಇನ್ನು ಮೂರೇ ವಾರ. ಮಾಡಿ ನೋಡಿದವರು ದಯವಿಟ್ಟು ಬೇಗ ತಿಳಿಸಿ.