ರರಾಮುರಿ ಜನರ ಓಟದ ಬಲ ಎಲ್ಲಿಂದ ಬರುತ್ತದೆ?

ಪ್ರಶ್ನೆ (ಚಿಕ್ಕಮಗಳೂರು):
ಮುಳ್ಳಯ್ಯನಗಿರಿಯ ಏರುದಾರಿಯಲ್ಲಿ ವಾರಕ್ಕೆ ಮೂರು ದಿನ ಓಡುವ ನನಗೆ ಹತ್ತು ಕಿಲೋಮೀಟರ್ ದಾಟುವಷ್ಟರಲ್ಲಿ ಮೀನಖಂಡ ಬಿಗಿದುಕೊಳ್ಳುತ್ತದೆ. ಮೆಕ್ಸಿಕೊದ ಚಿವಾವಾ ರಾಜ್ಯದ ಆಳ ಕಣಿವೆಗಳಲ್ಲಿ ಬದುಕುವ ರರಾಮುರಿ ಜನರು ಸಾದಾ ಚಪ್ಪಲಿಯಲ್ಲೇ ನೂರು ಕಿಲೋಮೀಟರಿಗೂ ಹೆಚ್ಚು ಓಡುತ್ತಾರೆ. ಇದು ಹುಟ್ಟಿನಿಂದ ಬಂದ ಶಕ್ತಿಯೇ, ಅಭ್ಯಾಸದ ಫಲವೇ?

ಉತ್ತರ (ಸಕಲೇಶಪುರ):
ಅಭ್ಯಾಸವೆಂದೇ ನನ್ನ ದೃಢವಾದ ಅಭಿಪ್ರಾಯ. ಅವರ ‘ರರಾಹಿಪಾರಿ’ ಆಟದಲ್ಲಿ ಎರಡು ತಂಡಗಳು ಮರದ ಚೆಂಡನ್ನು ಕಾಲಿನಿಂದ ಮುಂದಕ್ಕೆ ಚಿಮ್ಮುತ್ತ, ಕತ್ತಲಾದರೆ ಪಂಜಿನ ಬೆಳಕಿನಲ್ಲಿ, ಗಂಟೆಗಟ್ಟಲೆ ಓಡುತ್ತವೆ. ಊರಿನವರು ಪಣ ಕಟ್ಟಿ, ಜೊತೆಗೆ ಓಡಿ ಹುರಿದುಂಬಿಸುತ್ತಾರೆ. ಹೆಂಗಸರು ಬಳೆಯಾಕಾರದ ಚಕ್ರವನ್ನು ಕೋಲಿನಿಂದ ಎಸೆಯುತ್ತ ಓಡುತ್ತಾರೆ. ದಿನವೂ ಕಡಿದಾದ ದಾರಿಯಲ್ಲಿ ನಡೆದೇ ಹೊಲಕ್ಕೆ, ನೆಂಟರ ಮನೆಗೆ ಹೋಗುವವರಿಗೆ ಬೇರೆ ತರಬೇತಿ ಬೇಕಾಗುವುದಿಲ್ಲ. 1993ರಲ್ಲಿ ಅಮೆರಿಕದ ಲೆಡ್‌ವಿಲ್‌ನ 100 ಮೈಲಿ ಓಟವನ್ನು ಗೆದ್ದ ವಿಕ್ಟೋರಿಯಾನೊ ಚುರೊ ಅವರಿಗೆ ಆಗ 55 ವರ್ಷ. 2017ರಲ್ಲಿ ಲೊರೆನಾ ರಾಮಿರೆಜ್ ಲಂಗ ಮತ್ತು ಚಪ್ಪಲಿಯಲ್ಲೇ 50 ಕಿಲೋಮೀಟರ್ ಓಟದ ಮಹಿಳೆಯರ ವಿಭಾಗದಲ್ಲಿ ಮೊದಲಿಗರಾದರು.

ಉತ್ತರ (ಬೇಲೂರು):
ಅವರ ‘ಪಿನೋಲೆ’ ಎಂದರೆ ಹುರಿದು ಬೀಸಿದ ಜೋಳದ ಹಿಟ್ಟು, ಅಂದರೆ ಮೆಕ್ಕೆಜೋಳದ್ದು. ಅದನ್ನು ನೀರಿನಲ್ಲಿ ಕದಡಿ ಕುಡಿಯುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಿ ಅರಳು ಹುರಿದ ರಾಗಿಯನ್ನು ಬೀಸಿ, ಬೆಲ್ಲ ಬೆರೆಸಿ ಡಬ್ಬದಲ್ಲಿಡುತ್ತಿದ್ದ ಹುರಿಹಿಟ್ಟಿಗೂ ಅದಕ್ಕೂ ಹತ್ತಿರದ ಸಂಬಂಧವಿದೆ ಎನಿಸುತ್ತದೆ. ಓಡುವ ಮುನ್ನ ಎರಡು ಚಮಚ ಹುರಿಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿಕೊಂಡು ನೋಡಿ.

ಪ್ರಶ್ನಿಸಿದವರು:
ಧನ್ಯವಾದಗಳು. ಏರಿನಲ್ಲಿ ಓಡುವುದನ್ನು ಬಿಟ್ಟು, ಒಂದು ತಿಂಗಳು ನಡೆದೇ ಹತ್ತುತ್ತೇನೆ. ಹುರಿಹಿಟ್ಟನ್ನು ಅಮ್ಮನಿಗೆ ಇಂದೇ ಹೇಳುತ್ತೇನೆ.